ವಾರಕ್ಕೊಂದು ಪುಸ್ತಕ

ಬೀರುವಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯನ್ನು ಮಗಳು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದಳು. ಮೂರು ಮೂಲೆ ಬಿಟ್ಟುಕೊಂಡಿದ್ದವು, ನಾಲ್ಕನೆಯದು ಹಟ ಮಾಡುತ್ತಿತ್ತು.

‘ಅದನ್ನ ಯಾಕೆ ಕೀಳ್ತೀಯ? ಇರ್ಲಿ ಬಿಡು,’ ಎಂದಳು ತಾಯಿ. ದನಿ ಅಗತ್ಯಕ್ಕಿಂತ ಜೋರಾಯಿತು. ಹಾಲ್‌ನಲ್ಲಿ ಕೂತಿದ್ದ ನಾಲ್ಕಾರು ಜನ ಇತ್ತ ತಿರುಗಿದರು.

‘ಅಪ್ಪನ ಕೈಬರಹ, ಅಮ್ಮ. ನನಗೆ ಬೇಕು.’

ಅಪ್ಪ ಹಾಲ್‌ನಲ್ಲಿ ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ನಿನ್ನೆ ಬೆಳಿಗ್ಗೆ ಓದುವ ಕುರ್ಚಿಯಲ್ಲಿ ಕೂತಲ್ಲೇ ಹೃದಯ ನಿಂತುಹೋಗಿತ್ತು. ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಮೂವತ್ತೆಂಟು ವರ್ಷ ಒಂದೇ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಅವರು ಊರಿಗೆಲ್ಲ ಪ್ರೂಫ್ ಮೇಷ್ಟ್ರು. ಯಾರಾದರೂ ಮದುವೆಗೆ ಕರೆಯಲು ಬಂದರೆ ಮೊದಲು ಪತ್ರಿಕೆಯ ತಪ್ಪು ತೋರಿಸಿ, ಆಮೇಲೆ ‘ಸಂತೋಷ’ ಎನ್ನುವ ಆಸಾಮಿ. ನೆಂಟರಿಷ್ಟರು ಅವರಿಗೆ ಕಾಗದ ಬರೆಯುವುದನ್ನೇ ಬಿಟ್ಟಿದ್ದರು.

ಪಟ್ಟಿ ಕೈಗೆ ಬಂತು. ಮಗಳು ಕಿಟಕಿಯ ಬೆಳಕಿಗೆ ಹಿಡಿದಳು. ಐವತ್ತೆರಡು ವಾರ, ಐವತ್ತೆರಡು ಪುಸ್ತಕ. ಓದಿ ಮುಗಿಸಿದ ಒಂದೊಂದರ ಮೇಲೂ ಪೆನ್ಸಿಲ್ಲಿನ ಒಂದು ನೇರ ಗೆರೆ.

‘ಇಲ್ಲಿ ನೋಡಮ್ಮ. ನಲವತ್ತು ವಾರ ಆಗಿದೆ, ಗೆರೆ ಇರೋದು ಮೂವತ್ತೈದಕ್ಕೆ ಮಾತ್ರ. ಮಧ್ಯೆ ಮಧ್ಯೆ ಐದು ಹಾಗೇ ಬಿಟ್ಟಿದಾರೆ. ಅಪ್ಪ ಯಾವತ್ತಾದ್ರೂ ಹೀಗೆ ಬಿಟ್ಟವರಾ?’

‘ಸುಸ್ತಾಗ್ತಿತ್ತಲ್ಲ ಅವರಿಗೆ,’ ಎಂದಳು ತಾಯಿ. ‘ಬಿಟ್ಟಿರ್ತಾರೆ.’

ಗಂಡ ಸತ್ತಾಗ ಹೆಂಗಸಿಗೆ ಅಳು ಬರಬೇಕು. ಆಕೆಗೆ ಬರುತ್ತಿದ್ದದ್ದು ಬರೀ ಹೆದರಿಕೆ. ಮಗಳು ಆ ಕಾಗದವನ್ನು ಇನ್ನಷ್ಟು ಹತ್ತಿರ ಹಿಡಿದು ನೋಡಿದರೆ, ಗೆರೆ ಇಲ್ಲದ ಆ ಐದು ಕಡೆ ರಬ್ಬರ್ ಉಜ್ಜಿ ಕಾಗದ ಒರಟಾಗಿರುವುದು ಕಾಣುತ್ತದೆ.

*

ಹತ್ತು ತಿಂಗಳ ಹಿಂದೆ ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ಆಕೆಯನ್ನು ಪಕ್ಕಕ್ಕೆ ಕರೆದು, ‘ಹಾರ್ಟು ತುಂಬಾ ಸೋತಿದೆ. ಒಂದು ವರ್ಷ ಸಿಕ್ಕಿದ್ರೆ ದೊಡ್ಡದು ಅಂದ್ಕೊಳ್ಳಿ,’ ಎಂದಿದ್ದರು. ಆಕೆ ಗಂಡನಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಒಂದು ದೀರ್ಘ ಬಿಟ್ಟುಹೋದರೂ ಹಿಡಿಯುತ್ತಿದ್ದ ಮನುಷ್ಯನಿಗೆ ಹೆಂಡತಿಯ ಮುಖದಲ್ಲಿ ಬಿಟ್ಟುಹೋದದ್ದು ಕಾಣದೇ ಇರುತ್ತದೆಯೇ?

ಮನೆಗೆ ಬಂದ ಮಾರನೆಯ ದಿನವೇ ಅವರು, ಕೊಂಡು ತಂದು ಓದದೆ ಬಿಟ್ಟಿದ್ದ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿದರು. ಹಡಗು ಕಟ್ಟುವವರ ಕತೆ, ಜೇನು ಸಾಕುವ ಕ್ರಮ, ಗಡಿಯಾರ ರಿಪೇರಿಯವನೊಬ್ಬನ ಜೀವನ, ಇಟ್ಟಿಗೆಯಷ್ಟು ದಪ್ಪದ ಕಾದಂಬರಿಗಳು. ಐವತ್ತೆರಡನ್ನು ಆರಿಸಿ ಗೋಡೆಗೆ ಒತ್ತಿ ಪೇರಿಸಿದಾಗ ರಾಶಿ ಕಿಟಕಿಯ ಅಂಚು ಮುಟ್ಟಿತು.

‘ಮೂವತ್ತೆಂಟು ವರ್ಷ ಅಕ್ಷರ ನೋಡಿದ್ದೇ ಬಂತು, ಒಂದು ಪುಸ್ತಕಾನೂ ಓದಲಿಲ್ಲ ಕಣೆ,’ ಎಂದರು. ‘ಎದುರು ಕೂತು ನಮ್ಮ ರೇಡಿಯೋ ಮೂಲಪ್ರತಿ ಜೋರಾಗಿ ಓದ್ತಿದ್ದ, ನಾನು ತಿದ್ತಿದ್ದೆ. ಕತೇಲಿ ನಾಯಕಿ ಪ್ರಾಣ ಬಿಡ್ತಿದ್ರೂ ಅವನ ಬಾಯಲ್ಲಿ ಅಲ್ಪವಿರಾಮ, ಪೂರ್ಣವಿರಾಮ! ಈಗ ವಾರಕ್ಕೊಂದು. ಇಷ್ಟೂ ಮುಗಿಸ್ಕೊಂಡೇ ಹೊರಡೋದು ನಾನು.’

ಅವರು ನಕ್ಕರು. ಆಕೆಗೆ ನಗು ಬರಲಿಲ್ಲ.

ಪ್ರತಿ ಶನಿವಾರ ಒಂದು ಗೆರೆ ಬೀಳುತ್ತಿತ್ತು, ಒಂದು ಪುಸ್ತಕ ರಾಶಿಯಿಂದ ಬೀರುವಿಗೆ ಹೋಗುತ್ತಿತ್ತು. ರಾಶಿ ಕಿಟಕಿಯಿಂದ ಮೇಜಿನ ಮಟ್ಟಕ್ಕೆ ಇಳಿಯಿತು, ಅಲ್ಲಿಂದ ಕುರ್ಚಿಯ ಮಟ್ಟಕ್ಕೆ. ಕಸ ಗುಡಿಸುವಾಗ ಆಕೆ ಆ ಕಡೆ ನೋಡದೆ ಗುಡಿಸತೊಡಗಿದಳು. ಇದೆಲ್ಲ ಹುಚ್ಚು ಎಂದು ಆಕೆಗೂ ಗೊತ್ತಿತ್ತು. ಆದರೆ ಭಯಕ್ಕೆ ಬುದ್ಧಿ ಹೇಳುವವರು ಯಾರು? ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಬೀರುವಿನಿಂದ ಎಂಟನೇ ವಾರದ ಪುಸ್ತಕ ತೆಗೆದು ರಾಶಿಯ ಅಡಿಗೆ ತುರುಕಿದಳು. ಪಟ್ಟಿಯಲ್ಲಿದ್ದ ಗೆರೆಯನ್ನು ರಬ್ಬರಿನಿಂದ ಉಜ್ಜಿ, ಪುಡಿ ಊದಿದಳು. ಪುಸ್ತಕ ಉಳಿದರೆ ಅವರೂ ಉಳಿಯುತ್ತಾರೆ. ಅಂದು ಆಕೆಗೆ ಒಳ್ಳೆಯ ನಿದ್ದೆ ಬಂತು.

ಹಾಗೆ ಐದು ಸಲ. ಅವರು ಒಮ್ಮೆಯೂ ಏನೂ ಕೇಳಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವರ ಪುಸ್ತಕಕ್ಕೆ ಆಕೆ ಕೈ ಹಚ್ಚಿದವಳೇ ಅಲ್ಲ. ಧೂಳು ಹೊಡೆಯುವುದೂ ಅವರದೇ ಕೆಲಸವಾಗಿತ್ತು.

*

‘ಯಾವ ಐದು?’

ಬಾಗಿಲಲ್ಲಿ, ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದ ಗೆಳೆಯ ನಿಂತಿದ್ದರು. ಪ್ರೆಸ್ಸಿನಲ್ಲಿ ಅಷ್ಟು ವರ್ಷ ಮೇಷ್ಟ್ರ ಎದುರು ಕೂತು ಮೂಲಪ್ರತಿ ಓದಿದವರು. ಗಂಟಲು ಸವೆದು ಈಗ ದನಿ ಪಿಸುಗುಟ್ಟುವಷ್ಟೇ ಉಳಿದಿತ್ತು. ಮಗಳ ಕೈಯಿಂದ ಪಟ್ಟಿ ಇಸಿದುಕೊಂಡು, ಅಭ್ಯಾಸಬಲದಿಂದ ಬೆರಳಿಟ್ಟು ಓದಿದರು. ‘ಎಂಟು, ಹದಿಮೂರು, ಹತ್ತೊಂಬತ್ತು, ಇಪ್ಪತ್ತೆರಡು, ಮೂವತ್ತು.’ ಅಲ್ಲೇ ಮಂಚದ ಅಂಚಿಗೆ ಕುಸಿದು ಕೂತರು.

‘ಏನಾಯ್ತು ಮಾಮ?’ ಎಂದಳು ಮಗಳು.

‘ಹೇಳಬಾರದು ಅಂದಿದ್ದ. ಇನ್ನೇನು, ಅವನೇ ಇಲ್ಲ.’ ರೇಡಿಯೋ ಆಕೆಯತ್ತ ನೋಡಿದರು. ‘ಅತ್ತಿಗೆ, ಹೋದ ತಿಂಗಳು ಅವನು ನಮ್ಮನೆಗೆ ಬಂದಿದ್ದ. ಬಂದವನೇ ಬಾಗಿಲು ಹಾಕಿದ. ಓದಿರೋ ಪುಸ್ತಕ ಮತ್ತೆ ರಾಶೀಲಿ ಸಿಗ್ತಾ ಇದೆ ಕಣೋ, ಅಂದ, ಇದೇ ಐದು ನಂಬರ್ ಹೇಳಿ. ಗೆರೆ ಎಳೆದ ಹಾಗೆ ನೆನಪು, ಪಟ್ಟೀಲಿ ನೋಡಿದ್ರೆ ಇಲ್ಲ. ಪುಟ ತಿರುಗಿಸೋಕೆ ಮುಂಚೆ ಮುಂದೇನು ಅಂತ ಗೊತ್ತಾಗುತ್ತೆ, ಆದ್ರೆ ಪಟ್ಟಿ ಪ್ರಕಾರ ನಾನು ಓದೇ ಇಲ್ಲ. ನಂಗೂ ಶುರುವಾಯ್ತು, ಅಮ್ಮನ ಹಾಗೇ, ಅಂತ ಅತ್ತುಬಿಟ್ಟ.’

ಮೇಷ್ಟ್ರ ತಾಯಿಗೆ ಕೊನೆಕೊನೆಗೆ ಮರೆವು ಕವಿದಿತ್ತು. ಊಟ ಬಡಿಸುತ್ತಿದ್ದ ಮಗನನ್ನೇ ‘ನೀವು ಯಾರ ಮನೆಯವರು?’ ಎಂದು ಕೇಳುತ್ತಿದ್ದರು. ಸಾವಿನ ಮಾತನ್ನು ತಮಾಷೆ ಮಾಡುತ್ತಿದ್ದ ಮೇಷ್ಟ್ರು ಆ ಒಂದು ಮಾತನ್ನು ಎಂದೂ ಎತ್ತುತ್ತಿರಲಿಲ್ಲ.

‘ಡಾಕ್ಟರ ಹತ್ರ ಹೋಗೋಣ ಅಂದೆ. ಬೇಡ, ಅವಳಿಗೆ ಗೊತ್ತಾದ್ರೆ ಹೆದರ್ತಾಳೆ ಅಂದ. ತನಗೆ ತಾನೇ ಪರೀಕ್ಷೆ ಕೊಟ್ಕೋತಿದ್ದನಂತೆ, ಆ ಪುಸ್ತಕಗಳ ಹಿಂದೇನೇ ಬರೆದು.’

*

ಹದಿನೈದು ದಿನದ ಹಿಂದೆ ಆಕೆ ಬಟ್ಟೆ ಮಡಚುತ್ತಿದ್ದಾಗ ಅವರು ಬಂದು ಪಕ್ಕದಲ್ಲಿ ಕೂತಿದ್ದರು.

‘ನಾವು ಮೊದಲು ಇದ್ದ ಮನೆ ನಂಬರ್ ಎಷ್ಟೇ?’

‘ಇಪ್ಪತ್ತೇಳು. ಯಾಕ್ರೀ, ಅಲ್ಲಿಗೆ ವಾಪಸ್ ಹೋಗೋ ಆಸೇನಾ?’

‘ನಿನ್ನ ನೋಡೋಕೆ ಬಂದ ದಿನ ನೀನು ಉಟ್ಟಿದ್ದ ಸೀರೆ ಹಸಿರು, ಅಲ್ವಾ?’

‘ಅಯ್ಯೋ, ಈ ವಯಸ್ಸಲ್ಲಿ ಇದೇನು ಸರಸ!’ ಎಂದು ಆಕೆ ದಿಂಬಿನ ಚೀಲದಿಂದ ಅವರ ತೋಳಿಗೆ ಹೊಡೆದಿದ್ದಳು. ‘ಹೌದು, ಹಸಿರೇ.’

ಅವರು ಉಸಿರು ಬಿಟ್ಟು, ಅವಸರದಲ್ಲಿ ಎದ್ದು ಕೋಣೆಗೆ ಹೋಗಿದ್ದರು. ಆಕೆ ಸಂಜೆಯವರೆಗೂ ತನ್ನಷ್ಟಕ್ಕೆ ನಗುತ್ತಿದ್ದಳು.

*

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ‘ಹೊರಡೋಣವಾ?’ ಎಂದು ಯಾರೋ ಕೇಳಿದರು.

ಆಕೆ ಮಂಡಿಯೂರಿ ರಾಶಿಯ ಅಡಿಗೆ ಕೈ ಹಾಕಿದಳು. ಮೇಲಿನ ಪುಸ್ತಕಗಳು ಜಾರಿ ಬಿದ್ದವು. ಎಂಟನೇ ವಾರದ ಪುಸ್ತಕ, ಹಡಗು ಕಟ್ಟುವವರದ್ದು. ಕೊನೆಯ ಖಾಲಿ ಹಾಳೆಯ ತುಂಬ ಅವರ ಸಣ್ಣ ಅಕ್ಷರ. ಮಗಳು ಹುಟ್ಟಿದ ತಾರೀಖು, ಸರಿ. ಪ್ರೆಸ್ಸಿನ ಫೋನ್ ನಂಬರು, ಸರಿ. ಮೊದಲ ಮನೆ ಇಪ್ಪತ್ತೇಳು, ಸರಿ. ಸೀರೆ ಹಸಿರು, ಸರಿ. ಒಂದೂ ತಪ್ಪಿರಲಿಲ್ಲ. ಕೆಳಗೆ ಒಂದೇ ಪ್ರಶ್ನೆ: ‘ಇದನ್ನು ಮೊದಲೇ ಓದಿದ್ದೇನೆಯೇ?’ ಅದರ ಮುಂದೆ ‘ಹೌದು’ ಎಂದು ಬರೆದು ಹೊಡೆದುಹಾಕಿದ್ದರು. ‘ಇಲ್ಲ’ ಎಂದು ಬರೆದು ಅದನ್ನೂ ಹೊಡೆದಿದ್ದರು. ಮತ್ತೆ ಹೌದು, ಮತ್ತೆ ಇಲ್ಲ, ಹಾಳೆಯ ಅಂಚಿನವರೆಗೂ. ಕೊನೆಕೊನೆಗೆ ಪೆನ್ಸಿಲ್ ಒತ್ತಿ ಹಾಳೆಯೇ ಹರಿದಿತ್ತು.

‘ರಬ್ಬರ್ ಉಜ್ಜಿದ್ದು ನಾನು,’ ಎಂದಳು ಆಕೆ. ‘ಪುಸ್ತಕ ವಾಪಸ್ ಇಟ್ಟಿದ್ದೂ ನಾನೇ. ಎಲ್ಲ ಮುಗಿದ್ರೆ ಹೊರಟುಬಿಡ್ತಾರೆ ಅಂತ ಹೆದರಿಕೊಂಡು.’

ರೇಡಿಯೋ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆಕೆ ಪುಸ್ತಕ ಹಿಡಿದು ಹಾಲ್‌ಗೆ ನಡೆದಳು. ಎತ್ತಲು ಬಂದ ನಾಲ್ವರು ಆಗಲೇ ಬಗ್ಗಿ ಸ್ಟ್ರೆಚರಿನ ಅಡಿಗೆ ಕೈ ಕೊಟ್ಟಿದ್ದರು. ಆಕೆ ಅವರ ನಡುವೆ ನುಗ್ಗಿ, ಗಂಡನ ತಲೆಯ ಹತ್ತಿರ ಕೂತು, ಆ ಹಾಳೆಯನ್ನು ಮುಚ್ಚಿದ ಕಣ್ಣುಗಳ ಎದುರಿಗೆ ಗೇಣುದ್ದ ದೂರದಲ್ಲಿ ಬಿಡಿಸಿ ಹಿಡಿದಳು. ಮೊದಲ ‘ಹೌದು’ವಿನ ಕೆಳಗೆ ಬೆರಳಿಟ್ಟಳು. ಬಗ್ಗಿದ್ದವರು ಬಗ್ಗಿಯೇ ಕಾದರು. ಆಕೆ ಬೆರಳು ತೆಗೆಯಲಿಲ್ಲ.