ತಾರಾನಾಥನಿಗೆ ಆಗದ್ದು

ತಮ್ಮನಿಗೆ ಆಗದ್ದೆಲ್ಲ ಮೋಹಿನಿಯ ಮನೆಗೆ ಬರುತ್ತಿತ್ತು. ಕಾಪುವಿನಲ್ಲಿ ತಮ್ಮ ತಾರಾನಾಥನ ಮನೆಯ ಫ್ರಿಜ್ಜಿಗೆ ಆಸ್ಪತ್ರೆಯವರು ಕೊಟ್ಟ ಒಂದು ಪಟ್ಟಿ ಅಂಟಿಸಿದ್ದರು. ಅದರಲ್ಲಿ ಬೇಡವೆಂದು ಬರೆದದ್ದನ್ನು ಅವನ ಹೆಂಡತಿ ವಾರಿಜಾ ಚೀಲಕ್ಕೆ ಹಾಕಿ ಉದ್ಯಾವರಕ್ಕೆ ಕಳುಹಿಸುತ್ತಿದ್ದಳು. ಉಪ್ಪಿನಕಾಯಿ, ಒಣಮೀನು, ಯಾರೋ ತಂದುಕೊಟ್ಟ ಚಕ್ಕೋತ. ಹನ್ನೊಂದು ವರ್ಷದ ಹಿಂದೆ ಮೋಹಿನಿ ತನ್ನ ಒಂದು ಕಿಡ್ನಿಯನ್ನು ತಮ್ಮನಿಗೆ ಕೊಟ್ಟಿದ್ದಳು. ಅಂದಿನಿಂದ ನಡೆದುಬಂದ ಈ ಚೀಲವನ್ನು ಅವಳು ಪ್ರೀತಿಯೆಂದೇ ತಿಳಿದಿದ್ದಳು. ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ಬೀಡಿ ಕಟ್ಟಿ ಬದುಕುತ್ತಿದ್ದವಳನ್ನು ನೆನಪಿಟ್ಟುಕೊಳ್ಳುವವರು ಬೇರೆ ಯಾರಿದ್ದರು?

ಮೊದಲ ಎರಡು ವರ್ಷ ಅವಳೂ ತಮ್ಮನ ಕಾರಿನಲ್ಲಿ ಮಣಿಪಾಲಕ್ಕೆ ತಪಾಸಣೆಗೆ ಹೋಗಿದ್ದಳು. ಬದುಕಿರುವಷ್ಟು ಕಾಲ ವರ್ಷಕ್ಕೊಮ್ಮೆ ಬರಬೇಕೆಂದು ಅಲ್ಲಿ ಹೇಳಿದ್ದರು. ಮೂರನೆಯ ವರ್ಷ ತಾರಾನಾಥ ಕರೆಯಲಿಲ್ಲ. ಗಟ್ಟಿ ಇದ್ದಿಯೆಂದೇ ಅಲ್ವಾ ನಿನ್ನದು ತೆಗೆದದ್ದು, ನಿನಗೆಂತ ತಪಾಸಣೆ ಎಂದ. ಅದು ಅವಳಿಗೆ ಹೊಗಳಿಕೆಯ ಹಾಗೆ ಕೇಳಿಸಿತ್ತು.

ಚೀಲದಲ್ಲಿ ಮಾತ್ರೆಗಳು ಬರತೊಡಗಿದ್ದು ಆಮೇಲೆ. ಕುವೈತಿನಲ್ಲಿರುವ ಅವನ ಮಗ ಜಿತೇಶ್ ರಜೆಗೆ ಬರುವಾಗಲೆಲ್ಲ, ಗಲ್ಫಿನವರೆಲ್ಲ ತರುವ ಹಾಗೆ, ನೋವಿನ ಮಾತ್ರೆಯ ದೊಡ್ಡ ಡಬ್ಬಿಗಳನ್ನು ತರುತ್ತಿದ್ದ. ಅಪ್ಪನ ಕಿಡ್ನಿಗೆ ಅದು ವಿಷ, ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಉಂಟು. ಎಸೆಯುವುದೇಕೆಂದು ಡಬ್ಬಿಗಳು ಉದ್ಯಾವರಕ್ಕೆ ಬಂದವು. ಬಗ್ಗಿ ಕುಳಿತು ಬೀಡಿ ಕಟ್ಟುವ ಸೊಂಟಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು. ಗಲ್ಫಿನ ಮಾತ್ರೆ ಊರಿನದರಂತಲ್ಲ, ನುಂಗಿದ ಕೂಡಲೇ ಹಿಡಿಯುತ್ತದೆ ಎಂದು ಅವಳು ಪಕ್ಕದ ಮನೆಯ ಸೆಲೀನ್ ಬಾಯಿಗೂ ಹೇಳಿದ್ದಳು. ಅಂಥ ಮಾತ್ರೆ ತೆಗೆದುಕೊಳ್ಳಬಾರದೆಂದು ಆಪರೇಶನ್ ಆದಾಗ ಅವಳಿಗೂ ಹೇಳಿದ್ದರು. ಆದರೆ ಆ ದಿನ ಅವಳ ಕಿವಿಗೆ ಬಿದ್ದದ್ದು, ಆಚೆ ಕೋಣೆಯಲ್ಲಿ ಹೊಸ ಕಿಡ್ನಿ ಕೆಲಸ ಮಾಡಿ ತಮ್ಮನಿಗೆ ಮೂತ್ರ ಬಂತು ಎಂಬ ಒಂದೇ ಮಾತು.

ಈ ವರ್ಷ ಕಾಲು ಊದಿತು. ಸೆಲೀನ್ ಬಾಯಿಯೇ ಒತ್ತಾಯಿಸಿ ಬಸ್ಸು ಹತ್ತಿಸಿದಳು. ಮಣಿಪಾಲದ ಡಾಕ್ಟರು ರಕ್ತದ ವರದಿಯನ್ನು ಎರಡು ಸಲ ಓದಿದರು. ಮಾತ್ರೆಯ ಡಬ್ಬಿಯನ್ನು ತಿರುಗಿಸಿ ನೋಡಿದರು.

"ಕಿಡ್ನಿ ಯಾರಿಗೆ ಕೊಟ್ಟದ್ದು?"

"ತಮ್ಮನಿಗೆ."

"ಈ ಮಾತ್ರೆ ಯಾರು ಕೊಟ್ಟದ್ದು?"

"ತಮ್ಮ," ಎಂದಳು.

ಡಾಕ್ಟರು ಅದನ್ನೂ ಬರೆದುಕೊಂಡರು. ಉಳಿದ ಒಂದು ಕಿಡ್ನಿಯಲ್ಲಿ ಕಾಲು ಭಾಗದಷ್ಟೇ ಕೆಲಸ ಮಾಡುತ್ತಿದೆ, ಈ ಮಾತ್ರೆಯಿಂದ ಹಾಳಾದದ್ದು ಹಿಂದೆ ಬರುವುದಿಲ್ಲ, ಇನ್ನಿರುವುದನ್ನು ಉಳಿಸಿಕೊಳ್ಳಬೇಕು, ಮುಂದೆ ಡಯಾಲಿಸಿಸ್ ಬೇಕಾದರೂ ಬೇಕಾದೀತು ಎಂದು ನಿಧಾನವಾಗಿ ಹೇಳಿದರು. ಗುರುವಾರ ಮನೆಯವರನ್ನು ಕರೆದುಕೊಂಡು ಬರಬೇಕು ಎಂದರು.

ಅವಳು ನೇರ ಕಾಪುವಿಗೆ ಹೋದಳು. ದಾರಿಯುದ್ದಕ್ಕೂ, ತಮ್ಮ ಅತ್ತರೆ ಹೇಗೆ ಸಮಾಧಾನ ಮಾಡುವುದೆಂದೇ ಯೋಚಿಸುತ್ತಿದ್ದಳು. ಅವನು ಅಳಲಿಲ್ಲ. ಕೇಳುತ್ತಾ ಕೇಳುತ್ತಾ ಅವನ ಕೈ ಹೊಟ್ಟೆಯ ಬಲಬದಿಗೆ, ಹೊಲಿಗೆಯ ಗುರುತಿನ ಮೇಲೆ ಹೋಯಿತು.

"ಹಾಗಾದ್ರೆ ನನ್ನದು? ಇದೂ ನಿನ್ನದೇ ಅಲ್ವಾ ಅಕ್ಕ? ನಿಮ್ಮದರಲ್ಲಿ ಮೊದಲೇ ಎಂತದಾದ್ರೂ ಇತ್ತಾ?"

ಅವನು ಗಾಬರಿಯಲ್ಲಿ ಅವಳನ್ನು 'ನೀವು' ಮಾಡಿಬಿಟ್ಟಿದ್ದ, ಸರಕು ಮಾರಿದ ಅಂಗಡಿಯವರನ್ನು ಕೇಳುವ ಹಾಗೆ. ವಾರಿಜಾ ಅವನಿಗೆ ನೀರು ತಂದಳು. ಒಂದೇ ಲೋಟ ತಂದಿದ್ದಳು. ಗುರುವಾರ ಜೊತೆಗೆ ಬರುತ್ತೀಯಾ ಎಂದು ಮೋಹಿನಿ ಕೇಳಿದಾಗ, ರೋಗಿಗಳ ನಡುವೆ ಕೂರಿಸಿದರೆ ಇವರಿಗೆ ಸೋಂಕು ತಾಗುತ್ತದೆ ಎಂದು ವಾರಿಜಾಳೇ ಉತ್ತರ ಕೊಟ್ಟಳು. ಮರುದಿನ ಬೆಳಿಗ್ಗೆಯೇ ಆ ಗಂಡಹೆಂಡಿರು ಅದೇ ಆಸ್ಪತ್ರೆಗೆ ಹೋಗಿ ತಾರಾನಾಥನ ರಕ್ತ ಪರೀಕ್ಷೆಗೆ ಕೊಟ್ಟರು.

ಎರಡು ದಿನ ಮೋಹಿನಿ ಬೀಡಿ ಎಲೆ ಕತ್ತರಿಸುತ್ತಾ ಫೋನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ತಮ್ಮನ ವರದಿಗಾಗಿ ಹರಕೆ ಹೊರುವುದು ಅವಳ ಹಳೆಯ ಅಭ್ಯಾಸ. ಈ ಸಲ ಯಾಕೋ ಹೊರಲಿಲ್ಲ.

ಬುಧವಾರ ಮಧ್ಯಾಹ್ನ ಅವನ ಫೋನು ಬಂತು.

"ಅಕ್ಕ, ನನ್ನದು ಪೂರ್ತಿ ಸರಿ ಉಂಟು ಮಾರಾಯ್ತಿ. ಹೊಸದರ ಹಾಗೆ ಉಂಟು ಅಂದ್ರು ಡಾಕ್ಟರು."

ಹಿಂದಿನಿಂದ ವಾರಿಜಾ ಫೋನು ತೆಗೆದುಕೊಂಡಳು. ಒಳ್ಳೆಯದನ್ನೇ ನಮಗೆ ಕೊಟ್ಟಿದ್ದೀರಿ ಎಂದು ನಕ್ಕಳು. ಆಮೇಲೆ ಸ್ವರ ತಗ್ಗಿಸಿದಳು.

"ಆ ಮಾತ್ರೆ ನಮ್ಮಲ್ಲಿಂದ ಬಂದದ್ದೂಂತ ಅಲ್ಲಿ ಹೇಳ್ಲಿಲ್ಲ ಅಲ್ವಾ?"

"ಹೇಳಿದ್ದೇನೆ," ಎಂದಳು ಮೋಹಿನಿ. "ಬರೆದುಕೊಂಡಿದ್ದಾರೆ."

ಆ ಬದಿಯಲ್ಲಿ ಫೋನು ಕಟ್ಟಾಯಿತು. ಎರಡು ದಿನ ತಾನು ಕಾದದ್ದು ಏನನ್ನು ಎಂದು ಮೋಹಿನಿಗೆ ಆಗ ತಿಳಿಯಿತು. ಅವನದೂ ಕೆಟ್ಟಿರಲಿ ಎಂದು ಕಾದಿದ್ದಳು. ಇಂಥದ್ದನ್ನು ಬಯಸಿದ್ದಕ್ಕೆ ಈಗ ನಾಚಿಕೆ ಬರುತ್ತದೆ ಎಂದುಕೊಂಡು ಉಳಿದ ಎಲೆ ಕತ್ತರಿಸಿದಳು. ನಾಚಿಕೆ ಬರಲಿಲ್ಲ. ಎದ್ದು, ನಾಳೆ ಜೊತೆಗೆ ಬರುತ್ತೀರಾ ಎಂದು ಕೇಳಲು ಸೆಲೀನ್ ಬಾಯಿಯ ಮನೆಗೆ ಹೊರಟಳು.