ಲಹರಿಯ ವಿಮಾನಕ್ಕೆ ಕ್ಯಾನೊಪಿ

ಲಹರಿಯ ವಿಮಾನ ಯಾದವಗಿರಿಯಲ್ಲಿದ್ದ ಭಾನುಮತಿಯ ಮನೆಗೆ ಬಂದದ್ದು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು, ಅಮರೇಶನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು. ರೆಕ್ಕೆಗಳನ್ನು ಕಳಚಿ ಬೇರೆ ಕಟ್ಟಿದ್ದ. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದ ರೀತಿ ನೋಡಿ ಭಾನುಮತಿಗೆ ನಗು ಬಂತು. ನಿದ್ದೆ ಹೋದ ಮಗುವನ್ನು ತರುವವನ ಹಾಗಿದ್ದ.

ಲಹರಿ ಭಾನುಮತಿಯ ತಂಗಿ. ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತಳಾದವಳು. ಮದುವೆ ಬೇಡವೆಂದು ಶ್ರೀರಾಂಪುರದಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿಕೊಂಡಿದ್ದಳು. ಅದರ ಒಂದು ಕೋಣೆ ತುಂಬ ಹಗುರವಾದ ಮರದ ಪಟ್ಟಿಗಳು, ಅಂಟು, ಪುಟ್ಟ ಮೋಟಾರುಗಳು. ಭಾನುವಾರ ಬೆಳಗಾದರೆ ರಿಂಗ್ ರೋಡಿನಾಚೆಯ ಬಯಲಿನಲ್ಲಿ ಅಮರೇಶ ಮತ್ತು ಇನ್ನಿಬ್ಬರು ಮೂವರ ಜೊತೆ ರಿಮೋಟ್ ವಿಮಾನ ಹಾರಿಸುವುದು. ಅಮರೇಶನದು ಲಷ್ಕರ್ ಮೊಹಲ್ಲಾದಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ವಯಸ್ಸಿನಲ್ಲಿ ಲಹರಿಯ ಅರ್ಧದಷ್ಟಿದ್ದರೂ ಅವಳ ಗೆಳೆಯ.

ಕಳೆದ ದೀಪಾವಳಿಯ ನಂತರ ಒಂದು ಬೆಳಿಗ್ಗೆ ಲಹರಿ ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಪಾರ್ಶ್ವವಾಯು. ಬಲಗೈ ಸೋತುಹೋಯಿತು, ಮಾತು ನಿಂತಿತು. ಉಳಿದದ್ದು ಒಂದೇ ಒಂದು ಪದ: "ಅದೇ." ನೀರು ಬೇಕಾದರೂ ಅದೇ, ಕಿಟಕಿ ತೆರೆಯಬೇಕಾದರೂ ಅದೇ. ಅರ್ಥವಾಗದಿದ್ದಾಗ ಸಿಟ್ಟು ಬಂದು ಅಳುವಾಗಲೂ ಅದೇ. ಭಾನುಮತಿ ಅವಳನ್ನು ತನ್ನ ಮನೆಗೆ ಕರೆತಂದಳು. ಅವಳ ಗಂಡ ಬಿಂದುಮಾಧವರು ತಮ್ಮ ಓದುವ ಕೋಣೆಯನ್ನು ನಾದಿನಿಗೆ ಬಿಟ್ಟುಕೊಟ್ಟರು.

ಅಮರೇಶ ದುಪ್ಪಟಿ ಬಿಚ್ಚಿದ. ಬಿಳಿ ಮೈಯ ಉದ್ದನೆಯ ಗ್ಲೈಡರು. ಎಲ್ಲ ಮುಗಿದಿತ್ತು, ಬಣ್ಣವೂ ಆಗಿತ್ತು. ಮೂತಿಯ ಹಿಂದೆ ಪೈಲಟ್ ಕೂರುವ ಜಾಗ ಮಾತ್ರ ತೆರೆದೇ ಇತ್ತು. ಅದನ್ನು ಮುಚ್ಚುವ ಪಾರದರ್ಶಕ ಕ್ಯಾನೊಪಿ ಬೇರೆಯೇ ಇತ್ತು, ನೀರಿನ ಹನಿಯೊಂದನ್ನು ಉದ್ದಕ್ಕೆ ಎಳೆದಂತಹ ತೆಳು ಪ್ಲಾಸ್ಟಿಕ್ ಚಿಪ್ಪು. ಸುತ್ತಲಿನ ಹೆಚ್ಚುವರಿ ಅಂಚನ್ನೂ ಇನ್ನೂ ಕತ್ತರಿಸಿರಲಿಲ್ಲ.

"ಇದೊಂದು ಉಳ್ಕೊಂಡಿತ್ತು ಮೇಡಂ," ಎಂದ ಅಮರೇಶ. "ನಾನೇ ಅಂಟಿಸಿಕೊಟ್ಬುಡ್ತೀನಿ. ಅರ್ಧ ಗಂಟೆ ಕೆಲಸ."

ಲಹರಿ ಎಡಗೈ ಚಾಚಿ ಚಿಪ್ಪನ್ನು ಅವನಿಂದ ಇಸಿದುಕೊಂಡಳು. ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡಿದ್ದು, ಆಮೇಲೆ ಅಕ್ಕನ ಮಡಿಲಿಗೆ ತಳ್ಳಿದಳು. "ಅದೇ," ಎಂದಳು.

"ನಾನಾ? ಸುಮ್ನಿರೇ. ನಂಗೇನು ಬರುತ್ತೆ ಇದೆಲ್ಲ?"

"ಅದೇ. ಅದೇ."

"ನಿಮ್ ಕೈಲೇ ಆಗ್ಬೇಕಂತೆ ಕಣ್ರಮ್ಮ," ಎಂದ ಅಮರೇಶ ನಗುತ್ತ. ಬಿಳಿ ಅಂಟಿನ ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟ. "ಇದನ್ನೇ ಹಾಕಿ. ತಕ್ಷಣ ಹಿಡಿಯೋ ಅಂಟು ಮಾತ್ರ ಬೇಡ. ಅದರ ಹಬೆ ತಗುಲಿದ್ರೆ ಒಳಗೆಲ್ಲ ಮಂಜು ಕಟ್ಟಿದಂಗೆ ಬೆಳ್ಳಗಾಗುತ್ತೆ, ಆಮೇಲೆ ಏನ್ ಮಾಡಿದ್ರೂ ಹೋಗಲ್ಲ. ಇದು ಹಚ್ಚುವಾಗ ಬಿಳಿ, ಒಣಗಿದ ಮೇಲೆ ಕಾಣೋದೇ ಇಲ್ಲ."

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೇ ತಲೆ ನರೆಸಿಕೊಂಡ ಭಾನುಮತಿ ಒಂದು ದಿನವೂ ಆ ಬಯಲಿಗೆ ಹೋದವಳಲ್ಲ. ಇದೇನು ಮಕ್ಕಳಾಟ ಎಂದುಕೊಂಡಿದ್ದಳು. ತಂಗಿಗೆ ತಾನಿಲ್ಲದ ಒಂದು ಲೋಕವಿದೆ ಎಂಬ ಸಣ್ಣ ಮುನಿಸೂ ಇತ್ತೇನೋ. ಅಮರೇಶ ಹೋದ ಮೇಲೆ ಅವಳು ಚಿಪ್ಪನ್ನು ಮುಖದ ಮುಂದೆ ಹಿಡಿದು ಅದರ ಮೂಲಕ ನೋಡಿದಳು. ಕೋಣೆ ಬಾಗಿತು. ಕಿಟಕಿಯ ಸರಳುಗಳು ನೀರಿನಡಿಯ ಬಳ್ಳಿಗಳಂತೆ ಓಲಾಡಿದವು. ಹೊರಗಿನ ಸಂಪಿಗೆ ಮರ ಒಮ್ಮೆ ಹತ್ತಿರ ಬಂದು ಹಿಂದೆ ಸರಿಯಿತು. ಆ ಬಾಗಿದ ಬೆಳಕಿನ ನಡುವೆ ಲಹರಿಯ ಮುಖ, ಹಳೆಯ ಫೋಟೊದಲ್ಲಿದ್ದಂತೆ ಚಿಕ್ಕದಾಗಿ, ಗುಂಡಗಾಗಿ ಕಂಡಿತು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅಕ್ಕತಂಗಿ ಕೆಲಸಕ್ಕೆ ಕೂತರು. ಚಿಪ್ಪನ್ನು ವಿಮಾನದ ಮೇಲಿಟ್ಟು, ಅಂಚು ಎಲ್ಲಿಗೆ ಬರಬೇಕೆಂದು ಲಹರಿ ಬೆರಳಿನಲ್ಲಿ ತೋರಿಸಿದಂತೆಲ್ಲ ಭಾನುಮತಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಳು. ಉಗುರು ಕತ್ತರಿಸುವ ಬಾಗಿದ ಕತ್ತರಿ ತೆಗೆದುಕೊಂಡಳು. ಗೆರೆಯ ಮೇಲೇ ಕತ್ತರಿ ಇಟ್ಟದ್ದಕ್ಕೆ ಲಹರಿ ಮೇಜು ತಟ್ಟಿದಳು. ಗೆರೆಯಿಂದ ಸ್ವಲ್ಪ ಹೊರಗೆ ಎಂದು ತೋರಿಸಿದಳು. ಕತ್ತರಿಯ ಬಾಯಿ ಪೂರ್ತಿ ಮುಚ್ಚಿದಾಗ ಅಂಚು ಸಣ್ಣಗೆ ಸೀಳಿತು. ಮತ್ತೆ ಮೇಜು ತಟ್ಟುವ ಸದ್ದು.

"ಆಯ್ತು ಮೇಷ್ಟ್ರೇ, ಅರ್ಧಕ್ಕೇ ನಿಲ್ಲಿಸ್ತೀನಿ. ಬಾಯಿ ಮುಚ್ಚಲ್ಲ."

ಲಹರಿ ನಕ್ಕಳು. ಆ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಕಡಿಮೆ.

ಕತ್ತರಿಸಿದ ಅಂಚನ್ನು ನಯವಾದ ಉಪ್ಪುಕಾಗದದಿಂದ ಉಜ್ಜಬೇಕು, ಇಟ್ಟು ನೋಡಬೇಕು, ಎಡಗಡೆ ಕೂದಲೆಳೆಯಷ್ಟು ಸಂದಿ ಕಂಡರೆ ಬಲಗಡೆ ಉಜ್ಜಬೇಕು. ಉಜ್ಜಿ, ಇಟ್ಟು, ಮತ್ತೆ ಉಜ್ಜಿ, ಭಾನುಮತಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ರೈಲೊಂದು ದೂರದಲ್ಲಿ ಕೂಗುತ್ತ ಹೋಯಿತು. ಕೊನೆಗೊಮ್ಮೆ ಚಿಪ್ಪು ವಿಮಾನದ ಬೆನ್ನಿನ ಮೇಲೆ ತಾನಾಗಿ ಕೂತುಕೊಂಡಿತು. ಎಲ್ಲಿ ಬಿಳಿ ಮೈ ಮುಗಿದು ಎಲ್ಲಿ ಬೆಳಕು ಶುರುವಾಯಿತೆಂದು ಬೆರಳಿಗೂ ಗೊತ್ತಾಗಲಿಲ್ಲ. ಲಹರಿ ತನ್ನ ಎಡಗೈಯಿಂದ ಅಕ್ಕನ ಮಣಿಕಟ್ಟನ್ನು ಹಿಡಿದು, ಹಾಗೇ ಕೂತಿದ್ದಳು.

ಅಂಟಿಸುವ ದಿನ ಬಿಂದುಮಾಧವರೂ ಕುರ್ಚಿ ಎಳೆದುಕೊಂಡು ಬಂದರು. ಚಿಪ್ಪನ್ನು ಸೋಪಿನ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿಟ್ಟಿದ್ದರು. ಒಳಗೆ ಒಂದು ಬೆರಳಚ್ಚು ಉಳಿದರೂ ಅದು ಶಾಶ್ವತ, ಅಂಟಿಸಿದ ಮೇಲೆ ಕೈ ಹೋಗುವುದಿಲ್ಲ.

ಪೈಲಟ್ ಸೀಟಿನಲ್ಲಿ ಲಹರಿ ಹಿಂದೆಯೇ ಕೂರಿಸಿದ್ದ ಹೆಬ್ಬೆರಳುದ್ದದ ಗೊಂಬೆಯಿತ್ತು. ಭಾನುಮತಿ ಅದನ್ನು ಸರಿಯಾಗಿ ನೋಡಿದ್ದು ಆಗಲೇ. ಬಿಳಿ ಹೆಲ್ಮೆಟ್ಟು, ಅದರ ಕೆಳಗಿಂದ ಇಳಿದ ಎರಡು ಜಡೆ. ಲಹರಿಯದೂ ಒಂದು ಕಾಲದಲ್ಲಿ ಹೀಗೇ ಎರಡು ಜಡೆ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಶಿಬಿರಕ್ಕೆ ಹೋಗಿದ್ದ ಲಹರಿಯನ್ನು ಒಮ್ಮೆ ಗ್ಲೈಡರಿನಲ್ಲಿ ಮೇಲೆ ಕರೆದೊಯ್ದಿದ್ದರು. ಒಂದೇ ಒಂದು ಸಲ. ಆ ಬೇಸಿಗೆಯೆಲ್ಲ ತಾರಸಿಯ ಮೇಲೆ ಮಲಗಿ ಅವಳು ಅದನ್ನೇ ಹೇಳುತ್ತಿದ್ದಳು. "ತಲೆ ಮೇಲೆ ಅದನ್ನ ಮುಚ್ಚಿದ್ರು ಕಣೇ ಅಕ್ಕಾ. ಮುಚ್ಚಿದ ತಕ್ಷಣ ಊರಿನ ಸದ್ದೆಲ್ಲ ನಿಂತೋಯ್ತು. ನಂದೇ ಉಸಿರು ನಂಗೆ ಕೇಳಿಸ್ತಿತ್ತು." ನಿದ್ದೆಗಣ್ಣಿನಲ್ಲಿ ಹೂಂಗುಟ್ಟುತ್ತ ಭಾನುಮತಿ ತಾನೂ ಆ ಚಿಪ್ಪಿನೊಳಗೆ ಮಲಗಿದಂತೆ, ಮೈ ಹಗುರಾಗಿ ನಕ್ಷತ್ರಗಳ ಕಡೆ ತೇಲಿದಂತೆ ಅನ್ನಿಸಿ ನಿದ್ದೆ ಹೋಗುತ್ತಿದ್ದಳು.

ಈಗ ಲಹರಿ ಗೊಂಬೆಯನ್ನು ನೋಡಲಿಲ್ಲ. ಅಂಟಿನ ಬಾಟಲಿಯನ್ನು ಮುಂದೆ ಸರಿಸಿದಳು.

ಭಾನುಮತಿ ಹಲ್ಲುಕಡ್ಡಿಯ ತುದಿಯಿಂದ ಅಂಚಿನ ಸುತ್ತ ಬಿಳಿ ಅಂಟಿನ ತೆಳುಗೆರೆ ಎಳೆದಳು. ಉಸಿರು ಬಿಗಿಹಿಡಿದು ಚಿಪ್ಪನ್ನು ಇಳಿಸಿದಳು. ಮುಂದಿನ ತುದಿ ಮೊದಲು, ಹಿಂದಿನದು ಆಮೇಲೆ. ಬಿಂದುಮಾಧವರು ಕತ್ತರಿಸಿ ಕತ್ತರಿಸಿ ಕೊಟ್ಟ ಕಾಗದದ ಟೇಪನ್ನು ಅಡ್ಡಡ್ಡ ಅಂಟಿಸಿದಳು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಮೂವರೂ ಬಾಗಿ ನೋಡಿದರು. ಒಂದು ಕಲೆಯಿಲ್ಲ, ಒಂದು ಗುಳ್ಳೆಯಿಲ್ಲ.

"ಭೇಷ್ ಭಾನು," ಎಂದರು ಬಿಂದುಮಾಧವರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು. "ಅದೇನದು, ಓಡಾಡ್ತಾ ಇರೋದು?"

ಇರುವೆ. ಒಂಟಿ ಕಪ್ಪಿರುವೆ. ಯಾವ ಮಾಯದಲ್ಲಿ ಹೊಕ್ಕಿತ್ತೋ, ಪೈಲಟ್ಟಿನ ಮೊಣಕಾಲಿನಿಂದ ಹೆಗಲಿಗೆ ಹತ್ತಿ, ಹೆಲ್ಮೆಟ್ಟಿನ ತುದಿಯಲ್ಲಿ ನಿಂತು, ಮುಂಗಾಲುಗಳನ್ನೆತ್ತಿ ಕ್ಯಾನೊಪಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಎದುರಿಗೆ ಬೆಳಕಿದೆ, ದಾರಿಯಿಲ್ಲ. ಅಲ್ಲಿಂದ ಇಳಿದು ಅಂಚಿನುದ್ದಕ್ಕೂ ಹೋಗಿ, ಹಸಿ ಅಂಟಿನ ಹತ್ತಿರ ನಿಂತು, ಹಿಂದಿರುಗಿತು.

"ಇಷ್ಟು ಚೆನ್ನಾಗಿ ಕೂತಿದೆಯಲ್ರೀ," ಎಂದಳು ಭಾನುಮತಿ. ಧ್ವನಿ ಅಳುವಂತಿತ್ತು. "ಈಗ ಎತ್ತಿದ್ರೆ ಎಲ್ಲ ಬಳ್ಕೊಳ್ಳುತ್ತೆ. ಇನ್ನೊಂದು ಸಲ ಹಿಂಗೆ ಕೂರುತ್ತೋ ಇಲ್ವೋ."

"ಒಂದು ಇರುವೆ ತಾನೆ," ಎಂದರು ಅವರು, ತಮಗೇ ಖಾತ್ರಿಯಿಲ್ಲದವರಂತೆ.

"ಬುಡು."

"ಬುಡ್ತೀನಿ ಇರೇ, ಬುಡ್ತೀನಿ," ಎನ್ನುತ್ತ ಭಾನುಮತಿ ಟೇಪಿನ ತುದಿಗೆ ಉಗುರು ಹಾಕಿದಳು. ಹಾಗೆಯೇ ನಿಂತಳು. ಬಿಂದುಮಾಧವರ ಕೈಯಿಂದ ಟೇಪಿನ ಸುರುಳಿ ಜಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು.

"ಏನಂದೆ?" ಎಂದಳು ಭಾನುಮತಿ, ಮೆಲ್ಲಗೆ. "ಲಹರಿ, ಏನಂದೆ ಈಗ?"

ಚಿಕ್ಕಂದಿನಲ್ಲಿ ಬೀದಿಯ ಮಕ್ಕಳ ಜೊತೆ ಆಡಿ ಬಂದು ಇಬ್ಬರೂ 'ಬುಡು' ಎನ್ನುತ್ತಿದ್ದರು. 'ಬಿಡು ಅನ್ರೇ, ನಾಲಿಗೆ ಕೆಡಿಸ್ಕೋಬೇಡಿ' ಎಂದು ಅಮ್ಮ ತಲೆಗೆ ಮೊಟಕುತ್ತಿದ್ದಳು. ಬೆಳೆದ ಮೇಲೆ ಲಹರಿ ಆ ಪದ ಆಡಿದ್ದನ್ನು ಭಾನುಮತಿ ಕೇಳಿರಲಿಲ್ಲ. ಎಷ್ಟು ಆಳದಲ್ಲಿ ಬಿದ್ದುಕೊಂಡಿತ್ತೋ ಅದು, ಯಾವ ಸಂದಿಯಿಂದ ಮೇಲೆ ಬಂತೋ.

"ಇನ್ನೊಂದ್ಸಲ ಅನ್ನೇ, ನನ್ನ ಬಂಗಾರ."

"ಡಾಕ್ಟ್ರಿಗೆ ಫೋನ್ ಮಾಡ್ಲಾ?" ಎಂದು ಬಿಂದುಮಾಧವರು ಎದ್ದರು.

ಲಹರಿಗೆ ಇವರಿಬ್ಬರ ಮೇಲೂ ರೇಗಿಹೋಯಿತು. ಅಂಟು ಒಣಗುತ್ತಿದೆ, ಇವರು ಮಾತಾಡುತ್ತ ನಿಂತಿದ್ದಾರೆ. "ಅದೇ! ಅದೇ!" ಎಂದು ಮೇಜನ್ನು ಪಟಪಟನೆ ತಟ್ಟಿದಳು.

ಭಾನುಮತಿ ಕಣ್ಣೊರೆಸಿಕೊಳ್ಳಲೂ ಹೋಗದೆ ಟೇಪುಗಳನ್ನು ಒಂದೊಂದಾಗಿ ಬಿಡಿಸಿದಳು. ಚಿಪ್ಪನ್ನು ಹಿಂದಿನಿಂದ ಎತ್ತಿದಳು. ಅಂಟು ನೂಲಾಗಿ ಎಳೆದುಕೊಂಡು ಒಳಗೆಲ್ಲ ಮೆತ್ತಿತು. ಲಹರಿ ಕಾಗದದ ಚೂರೊಂದನ್ನು ಗೊಂಬೆಯ ಹೆಗಲಿಗೆ ತಾಗಿಸಿ ಕಾದಳು. ಇರುವೆಗೆ ಅವಸರವಿರಲಿಲ್ಲ. ಸೀಟನ್ನೊಮ್ಮೆ ಸುತ್ತಿ ಬಂದು, ಯೋಚಿಸಿ, ಕಾಗದ ಹತ್ತಿತು. ಬಿಂದುಮಾಧವರು ಅದನ್ನು ಅಂಗಳದ ದಾಸವಾಳದ ಬುಡಕ್ಕೆ ಕೊಂಡೊಯ್ದು ಬಿಟ್ಟು ಬಂದರು.

ಅಂಟು ಇನ್ನೂ ಹಸಿಯಾಗಿದ್ದುದರಿಂದ ನೀರಿನಲ್ಲಿ ಬಿಟ್ಟುಕೊಂಡಿತು. ತೊಳೆಯುವಾಗ ಭಾನುಮತಿಯ ಉಂಗುರ ತಾಗಿ ಚಿಪ್ಪಿನ ಬಲಗಡೆ ಒಂದು ಗೀರು ಬಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಲಹರಿ ಗೀರನ್ನು ಬೆಳಕಿಗೆ ಹಿಡಿದು ನೋಡಿ, ಭುಜ ಕುಣಿಸಿ ವಾಪಸು ಕೊಟ್ಟಳು. ಒಳಗನ್ನೆಲ್ಲ ಮತ್ತೆ ಮತ್ತೆ ಪರೀಕ್ಷಿಸಿ, ಅದೇ ಸಂಜೆ ಎರಡನೆಯ ಸಲ ಅಂಟಿಸಿದರು. ಬೆಳಗಾಗುವಷ್ಟರಲ್ಲಿ ಅಂಟಿನ ಗೆರೆ ಮಾಯವಾಗಿತ್ತು.

ಭಾನುವಾರ ಅಮರೇಶ ಮೂವರನ್ನೂ ಕಾರಿನಲ್ಲಿ ಬಯಲಿಗೆ ಕರೆದೊಯ್ದ. ಹುಲ್ಲಿನ ಮೇಲೆ ಇನ್ನೂ ಇಬ್ಬನಿಯಿತ್ತು, ಚಾಮುಂಡಿಬೆಟ್ಟ ಅರ್ಧ ಮಂಜಿನಲ್ಲಿತ್ತು. ಲಹರಿಯನ್ನು ಮಡಿಚುವ ಕುರ್ಚಿಯಲ್ಲಿ ಕೂರಿಸಿ, ಅವನು ಪಕ್ಕದಲ್ಲಿ ಮಂಡಿಯೂರಿ ರಿಮೋಟನ್ನು ಇಬ್ಬರ ನಡುವೆ ಹಿಡಿದ. "ಬಲಗಡೆ ಕಡ್ಡಿ ನಂದು, ಎಡಗಡೆ ಕಡ್ಡಿ ನಿಮ್ದು ಮೇಡಂ," ಎಂದ. ಗೆಳೆಯನೊಬ್ಬ ಗ್ಲೈಡರನ್ನು ಓಡಿಕೊಂಡು ಹೋಗಿ ಎಸೆದ.

ಮೂತಿಯ ಪುಟ್ಟ ಮೋಟಾರು ಅದನ್ನು ಎಳೆದುಕೊಂಡು ಮೇಲೆ ಹೋಯಿತು. ಸಾಕಷ್ಟು ಎತ್ತರದಲ್ಲಿ ಲಹರಿ ಕಡ್ಡಿಯನ್ನು ಕೆಳಕ್ಕೆಳೆದಳು, ಮೋಟಾರು ನಿಂತಿತು. ಬಯಲಿನಲ್ಲಿ ಯಾವ ಸದ್ದೂ ಉಳಿಯಲಿಲ್ಲ. ಅವಳ ಹೆಬ್ಬೆರಳು ಒಂದು ಎಳ್ಳಷ್ಟು ಎಡಕ್ಕೆ ಸರಿದರೆ ಅಲ್ಲಿ ಮೇಲೆ, ನೀಲಿಯಲ್ಲಿ, ಬಿಳಿ ರೆಕ್ಕೆ ವಾಲಿ ದೊಡ್ಡ ಸುತ್ತು ತೆಗೆಯುತ್ತಿತ್ತು. ತಿರುಗಿದಾಗಲೆಲ್ಲ ಕ್ಯಾನೊಪಿ ಬಿಸಿಲಿಗೆ ಒಮ್ಮೆ ಹೊಳೆದು ಆರುತ್ತಿತ್ತು. ನೋಡುತ್ತ ನೋಡುತ್ತ ಭಾನುಮತಿಗೆ ಕಾಲಡಿಯ ನೆಲ ಮೆಲ್ಲಗೆ ಸುತ್ತುತ್ತಿರುವಂತೆ, ವಿಮಾನವೇ ನಿಂತಿರುವಂತೆ ತೋರಿತು. ಕತ್ತು ನೋಯುವವರೆಗೂ ಕಣ್ಣು ಕೀಳಲಿಲ್ಲ.

"ಕೂತ್ಕೋ ಭಾನು, ತಲೆ ಸುತ್ತೀತು," ಎಂದರು ಬಿಂದುಮಾಧವರು.

"ಸುತ್ಲಿ ಬಿಡ್ರೀ."

ಹಿಂದಿರುಗುವಾಗ ವಿಮಾನ ಅಕ್ಕತಂಗಿಯರ ತೊಡೆಗಳ ಮೇಲಿತ್ತು. ಊರು ಆಗಷ್ಟೇ ಅಂಗಡಿ ಬಾಗಿಲು ತೆರೆಯುತ್ತಿತ್ತು. ದಣಿದ ಲಹರಿ ತಲೆಯನ್ನು ಅಕ್ಕನ ಹೆಗಲಿಗಿಟ್ಟು ಕಣ್ಣುಮುಚ್ಚಿದ್ದಳು. ಯಾವುದೋ ತಿರುವಿನಲ್ಲಿ, ನಿದ್ದೆಯೋ ಎಚ್ಚರವೋ, ಅವಳ ತುಟಿಯಿಂದ ಎರಡು ಅಕ್ಷರ ಹೊರಟವು. 'ಅದೇ' ಅಲ್ಲ. ಏನೆಂದು ಭಾನುಮತಿಗೆ ತಿಳಿಯಲಿಲ್ಲ, ಮುಂದೆ ಕೂತಿದ್ದ ಗಂಡಸರಿಗೆ ಕೇಳಿಸಲೂ ಇಲ್ಲ. ಈ ಸಲ ಅವಳು ಇನ್ನೊಮ್ಮೆ ಹೇಳೆಂದು ಒತ್ತಾಯಿಸಲಿಲ್ಲ. "ಹೂಂ ಕಣೇ," ಎಂದು, ಬಿಸಿಲು ತಂಗಿಯ ಮುಖಕ್ಕೆ ಬೀಳದಂತೆ ಅಂಗೈ ಅಡ್ಡ ಹಿಡಿದಳು.