ಹಾವಿಲ್ಲದ ಊರಿನ ಪಂಚಮಿ ಹಗ್ಗ

ನಾನು ಒಂದು ಹಗ್ಗ. ಮುಂಡರಗಿಯ ಭರಮಣ್ಣ ಪುಂಡಿನಾರನ್ನು ನೀರಲ್ಲಿ ನೆನೆಹಾಕಿ, ಬಡಿದು, ಮೂರು ಎಳೆ ಸೇರಿಸಿ ನನ್ನನ್ನು ಹೊಸೆದ. ಮೈಯೆಲ್ಲ ತಿರುಚಿಸಿಕೊಂಡು ಹುಟ್ಟಿದ್ದಕ್ಕೇ ಇರಬೇಕು, ನನಗೆ ಮೊದಲಿನಿಂದ ಸ್ವಲ್ಪ ಸಿಡುಕು.

ಸಂಗವ್ವ ನನ್ನನ್ನು ಕೊಂಡದ್ದು ನಾಗರಪಂಚಮಿಯ ಜೋಕಾಲಿಗೆಂದು. ವರ್ಷಕ್ಕೊಮ್ಮೆ ಹಿತ್ತಲಿನ ಬೇವಿನ ಟೊಂಗೆಗೆ ನನ್ನನ್ನು ಕಟ್ಟುತ್ತಿದ್ದವನು ಅವಳ ಮಗ ಈರಣ್ಣ. ಎಲ್ಲರಿಗಿಂತ ಮೊದಲು ಏರಿ ಜೀಕುತ್ತಿದ್ದವಳು ಮಗಳು ಮಾದೇವಿ. ಉಳಿದ ದಿನ ಗೂಟಕ್ಕೆ ನೇತಾಡುತ್ತಿದ್ದೆ. ಒಂದು ಸಲ ನನ್ನಿಂದ ಎಮ್ಮೆ ಕಟ್ಟಿದರು. ಆ ಅವಮಾನದ ಮಾತು ಬೇಡ.

ಮಾದೇವಿ ನರ್ಸ್ ಆದಳು. ಮದುವೆಯಾಗಿ, ಆಸ್ಪತ್ರೆಯ ಕೆಲಸ ಹಿಡಿದು ಗಂಡ ಬಸಲಿಂಗನೊಂದಿಗೆ ಐರ್ಲೆಂಡಿನ ಕಾರ್ಕ್ ಪಟ್ಟಣ ಸೇರಿದಳು. ನಮ್ಮ ಕಡೆ ಪಂಚಮಿಗೆ ಅಣ್ಣ ಕರೆಯಬೇಕು, ತಂಗಿ ತವರಿಗೆ ಬರಬೇಕು. ಈರಣ್ಣ ಮೂರು ವರ್ಷ ಕರೆದ. ಮೂರು ವರ್ಷವೂ ಅವಳಿಗೆ ರಜೆ ಸಿಗಲಿಲ್ಲ. ಕೊನೆಗೆ ಅವಳು ಬಂದದ್ದು ಬೇಸಿಗೆಯಲ್ಲಿ. ಹೊರಡುವ ದಿನ ಅಣ್ಣ ಅವಳ ಮುಖ ನೋಡದೆ ಹೇಳಿದ:

“ಹಬ್ಬಕ್ಕ ಬರದಾಕಿ ಬ್ಯಾಸಗ್ಯಾಗ ಬಂದು ಏನ್ ಮಾಡ್ತಿ? ಇನ್ನ ನಾ ಕರಿಯಂಗಿಲ್ಲ.”

ಸಂಗವ್ವ ನನ್ನನ್ನು ಸುರುಳಿ ಸುತ್ತಿ ಮಗಳ ಚೀಲಕ್ಕೆ ತುರುಕಿದಳು. “ನೀ ಇದ್ದಲ್ಲೇ ಕಟ್ಟಿ ಜೀಕವ್ವಾ.”

ಕಾರ್ಕಿನ ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ನನ್ನನ್ನು ಮೂಸಿ, ಚೀಲದ ಮುಂದೆ ಕುಳಿತೇಬಿಟ್ಟಿತು. ಅಧಿಕಾರಿ ನನ್ನನ್ನು ಮೇಜಿನ ಮೇಲೆ ಉದ್ದಕ್ಕೆ ಬಿಚ್ಚಿ ಹಾಸಿದ. ಜೋಕಾಲಿ ಎಂದರೇನೆಂದು ಮಾದೇವಿ ಅವನಿಗೆ ಕಾಲು ಗಂಟೆ ತಿಳಿಸಿ ಹೇಳಿದಳು. ನಾಯಿ ಹಿಡಿದದ್ದು ಎಮ್ಮೆಯ ವಾಸನೆ ಎಂದು ನನಗೆ ಗೊತ್ತಿತ್ತು, ಹೇಳಲು ಬಾಯಿಲ್ಲ.

ಶ್ರಾವಣ ಬಂತು. ಪಂಚಮಿ ಬಿದ್ದದ್ದು ಗುರುವಾರ, ಅವಳಿಗೆ ಡ್ಯೂಟಿ. “ಆಯ್ತವಾರ ಮಾಡೂಣು ತಗೋ,” ಎಂದ ಬಸಲಿಂಗ. ಪಂಚಮಿಯನ್ನು ಅಷ್ಟಮಿಗೆ ಮಾಡುವ ಜನ! ಮಂಚದ ಕೆಳಗೆ ಬಿದ್ದಿದ್ದ ನನಗೆ ಮೈ ಉರಿಯಿತು. ಗುರುವಾರ ರಾತ್ರಿಯವರೆಗೂ ಮಾದೇವಿ ಫೋನ್ ನೋಡುತ್ತಲೇ ಇದ್ದಳು. ಈರಣ್ಣ ಕರೆಯಲಿಲ್ಲ.

ಭಾನುವಾರ ಹಾಲೆರೆಯಲು ಹುತ್ತ ಬೇಕಾಯಿತು. ಮಾದೇವಿ ತಂಬಿಗೆ ಹಿಡಿದು ಪಕ್ಕದ ಮನೆಯ ಮುದುಕಿ ನೋರಾಳನ್ನು ಕೇಳಿದಳು: ಇಲ್ಲಿ ಹಾವುಗಳು ಎಲ್ಲಿರುತ್ತವೆ?

“ಈ ದೇಶದಲ್ಲಿ ಹಾವೇ ಇಲ್ಲ, ಮಗಳೇ,” ಎಂದಳು ನೋರಾ ಹೆಮ್ಮೆಯಿಂದ. “ಹಿಂದೆ ಒಬ್ಬ ಸಂತರು ಎಲ್ಲವನ್ನೂ ಸಮುದ್ರಕ್ಕೆ ಓಡಿಸಿದರಂತೆ.”

ಮಾದೇವಿ ಗಂಡನ ಕಡೆ ತಿರುಗಿದಳು. “ಹಾವಿಲ್ಲದ ಊರಿಗೆ ಕರಕೊಂಡ ಬಂದೀರಲ್ರೀ!”

“ನಾ ಎಲ್ಲಿ ಕರಕೊಂಡ ಬಂದೆ? ನೀನ ನನ್ನ ಕರಕೊಂಡ ಬಂದಿ,” ಎಂದ ಬಸಲಿಂಗ. ಅದು ನಿಜವಾದ್ದರಿಂದ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅವನು ಗೋಧಿಹಿಟ್ಟಿನಲ್ಲಿ ನಾಗಪ್ಪನನ್ನು ಮಾಡಿದ. ಹೆಡೆ ಜೋತುಬಿದ್ದು ಬದನೆಕಾಯಿಯಂತಿತ್ತು.

ನನ್ನನ್ನು ಪಾರ್ಕಿಗೆ ಒಯ್ದರು. ಟೊಂಗೆಗೆ ಒಂದು ಸುತ್ತು ಹಾಕುವಷ್ಟರಲ್ಲಿ ಕಾವಲಿನವನು ಬಂದ. ಅನುಮತಿ ಪತ್ರ ಎಲ್ಲಿ? ಬಿದ್ದರೆ ಯಾರು ಹೊಣೆ? ಮರದ ತೊಗಟೆಯ ಗತಿಯೇನು? ಅಷ್ಟರಲ್ಲಿ ಜಿಟಿಜಿಟಿ ಮಳೆ. ಮನೆಗೆ ಬಂದು ಜಂತೆ ಹುಡುಕಿದರೆ ಜಂತೆಯೇ ಇಲ್ಲ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಒದ್ದೆಯಾದ ನಾನು ಮಣಭಾರವಾಗಿದ್ದೆ. ಈ ಚಂದಕ್ಕೆ ನನ್ನನ್ನು ಏಳು ಸಮುದ್ರ ದಾಟಿಸಬೇಕಿತ್ತೆ?

ಇಬ್ಬರೂ ನನ್ನ ಒಂದೊಂದು ತುದಿ ಹಿಡಿದು ಜಗಳಾಡುವುದನ್ನು ಕಂಡು ನೋರಾ ತನ್ನ ಹಿತ್ತಲಿಗೆ ಕರೆದಳು. ಅಲ್ಲೊಂದು ಹಳೆಯ ಮರವಿತ್ತು. ಬಸಲಿಂಗ ಗಂಟು ಹಾಕಿದ. ಅಂಥ ಗಂಟನ್ನು ಜೋಳದ ಚೀಲಕ್ಕೂ ಯಾರೂ ಹಾಕುವುದಿಲ್ಲ. ನೋಡೋಣವೆಂದು ಕುಳಿತವನು ಗಂಟು ಜಾರಿ ದೊಪ್ಪನೆ ನೆಲಕ್ಕೆ ಬಿದ್ದ.

ಮಾದೇವಿ ಅವನನ್ನು ಎಬ್ಬಿಸಲೂ ಇಲ್ಲ. ಮರದ ಬುಡದಲ್ಲಿ ನಾಗಪ್ಪನನ್ನಿಟ್ಟು, ಮನೆಮಂದಿಯ ಹೆಸರಲ್ಲಿ ಹಾಲೆರೆಯತೊಡಗಿದಳು. “ಅಪ್ಪನ ಪಾಲು… ಅವ್ವನ ಪಾಲು…”

ಮುಂದೆ ಅಣ್ಣನ ಪಾಲು. ಕೈ ನಿಂತಿತು. ತಂಬಿಗೆ ಕೆಳಗಿಟ್ಟು ಫೋನ್ ತೆಗೆದಳು.

“ಯಣ್ಣಾ, ನೀ ಕರೀಲಿಲ್ಲ. ಅದಕ್ಕ ನಾನ ಕರೀಲಿಕ್ಕತ್ತೀನಿ.”

ಪರದೆಯಲ್ಲಿ ಈರಣ್ಣನ ಗಂಟುಮುಖ. “ಪಂಚಮಿ ಮುಗದು ಮೂರ ದಿನ ಆತು.”

“ಇಲ್ಲಿ ಇವತ್ತೈತಿ.”

ಅವನಿಗೆ ಅವಳ ಹಿಂದೆ ಜೋತುಬಿದ್ದಿದ್ದ ನಾನು ಕಂಡೆ. ಕಣ್ಣು ಕಿರಿದು ಮಾಡಿ ಶುರುಮಾಡಿದ: “ಹಗ್ಗ ಯಾರ ಕಟ್ಯಾರ? ನಿನ್ನ ಗಂಡನೇನು? ಬಿಚ್ಚಲೇ ಅದನ್ನ! ಎರಡ ಸುತ್ತ ಹಾಕು. ಒಳಗಿಂದ ತಗಿ. ಹಾಂ, ಈಗ ಜಗ್ಗು. ಇನ್ನೂ ಜಗ್ಗು!”

ಮಾದೇವಿ ಹಾಗೇ ಜಗ್ಗಿದಳು. ನಾನು ಟೊಂಗೆಯನ್ನು ಕಚ್ಚಿ ಹಿಡಿದೆ.

“ಬರೂ ವರ್ಷ ಬರ್ತಿ?” ಎಂದ ಅವನು.

“ಬರ್ತೀನಿ ಅಂತ ಸುಳ್ಳ ಹೇಳಂಗಿಲ್ಲಣ್ಣ.”

“ಆಗಲಿ. ಕರಿಯೂದು ನನ್ನ ಕೆಲಸ, ನಾ ಕರೀತೀನಿ.” ಅವನು ತಂಬಿಗೆಯತ್ತ ಬೆರಳು ಮಾಡಿದ. “ಮದಲ ನನ್ನ ಪಾಲು ಎರಿ. ಹಾಲು ಒಡದೀತು.”

ಎರೆದಳು. ಮಳೆಯಲ್ಲೇ ಜೀಕಿದಳು, ಅಳುತ್ತಲೋ ನಗುತ್ತಲೋ ತಿಳಿಯಲಿಲ್ಲ.

ಮರುವರ್ಷ ಈರಣ್ಣ ಹಬ್ಬಕ್ಕೆ ಎಂಟು ದಿನ ಮೊದಲೇ ಕರೆದ. ರಜೆ ಸಿಗಲಿಲ್ಲ. ಅವನು ಹತ್ತು ನಿಮಿಷ ಬೈದ, ಅವಳು ಖುಷಿಯಿಂದ ಬೈಸಿಕೊಂಡಳು.

ಆ ದೇಶದ ತೇವಕ್ಕೆ ನನ್ನ ಎಳೆಗಳು ಕೊಳೆತವು. ಜೋಕಾಲಿಗೆ ಹೊಸ ನೈಲಾನ್ ಹಗ್ಗ ಬಂದಿದೆ. ಅದಕ್ಕೆ ಕನ್ನಡ ಬರುವುದಿಲ್ಲ. ನನ್ನ ಗಟ್ಟಿ ತುಂಡುಗಳನ್ನು ಆರಿಸಿ ನೋರಾ ತನ್ನ ಬೀನ್ಸ್ ಬಳ್ಳಿಗೆ ಆಸರೆ ಕಟ್ಟಿದ್ದಾಳೆ. ಬಳ್ಳಿಗಳು ನನ್ನನ್ನು ಹಿಡಿದು ಏರುತ್ತಿವೆ. ತಣ್ಣನೆಯ, ಕಚಗುಳಿಯಿಡುವ ಕೈಗಳು. ನನಗದು ಹಿಡಿಸುವುದಿಲ್ಲ. ಆದರೆ ಹಿಡಿದವರನ್ನು ಬಿಡುವುದನ್ನು ನನಗೆ ಯಾರೂ ಕಲಿಸಿಲ್ಲ.